ಖಾಲಿ ಕೋಶ ಸೊನ್ನೆಯಲ್ಲ: ನಾಲ್ಕು ತಾಲ್ಲೂಕುಗಳ ಮಳೆ ದಾಖಲೆ ಮತ್ತು ಪೈಥಾನ್ ಕಲಿಕೆ

ಪೈಥಾನ್ ಪಾಠ ಸಾಮಾನ್ಯವಾಗಿ ಆದೇಶಗಳಿಂದ ಶುರುವಾಗುತ್ತದೆ. ದತ್ತಾಂಶದ ಗುಣದೋಷದ ವಿಚಾರ ಕೊನೆಗೆ ಉಳಿಯುತ್ತದೆ. ಈ ಕ್ರಮ ಬದಲಾಗಬೇಕು ಎಂಬುದು ಇಲ್ಲಿನ ವಾದ. ಸಾಧನಗಳು ಹುಟ್ಟಿದ್ದೂ ದತ್ತಾಂಶದ ಒತ್ತಾಯದಿಂದಲೇ. ಜಾನ್ ಹಂಟರ್ ನಕ್ಷೆ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಕಟ್ಟಿದ್ದು ಅಪಸ್ಮಾರ ರೋಗಿಗಳ ಮೆದುಳಿನ ಸಂಕೇತಗಳನ್ನು ನೋಡಲು. ವೆಸ್ ಮೆಕಿನ್ನಿ 2008ರಲ್ಲಿ ಕೋಷ್ಟಕಗಳನ್ನು ನಿಭಾಯಿಸುವ ಪಾಂಡಾಸ್ ಆರಂಭಿಸಿದ್ದು ಹಣಕಾಸಿನ ಅಂಕಿಅಂಶಗಳಿಗಾಗಿ.

ಮೈಸೂರು ಜಿಲ್ಲೆಯ ವಿದ್ಯಾರ್ಥಿಗೆ ಅಂಥ ದತ್ತಾಂಶ ಮಳೆ ದಾಖಲೆಯಲ್ಲಿದೆ. ಕೃಷಿ ಹವಾಮಾನ ವಿಂಗಡಣೆಯಂತೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ದಕ್ಷಿಣ ಸಂಕ್ರಮಣ ವಲಯಕ್ಕೂ ಕೆ.ಆರ್. ನಗರ ದಕ್ಷಿಣ ಒಣ ವಲಯಕ್ಕೂ ಸೇರುತ್ತವೆ. ಮೊದಲ ಮೂರರಲ್ಲಿ ವರ್ಜೀನಿಯಾ ಹೊಗೆಸೊಪ್ಪಿನ ನಾಟಿ ಮುಂಗಾರುಪೂರ್ವ ಮಳೆಯನ್ನು ನೆಚ್ಚಿದೆ, ಕೆ.ಆರ್. ನಗರದ ಭತ್ತ ಬಹುಮಟ್ಟಿಗೆ ಕಾವೇರಿ ನಾಲೆಗಳನ್ನು. ನಾಲ್ಕನ್ನೂ ಕೂಡಿಸಿದ ಸರಾಸರಿ ಯಾರ ಹೊಲಕ್ಕೂ ಹೊಂದದು. ಸಾಲುಗಳನ್ನು ಗುಂಪು ಮಾಡಿ ಲೆಕ್ಕ ಹಾಕುವ ಪಾಂಡಾಸ್‌ನ ಗ್ರೂಪ್‌ಬೈ ಏಕೆ ಬೇಕು ಎಂಬುದು ಇಲ್ಲಿ ತಾನಾಗಿ ತಿಳಿಯುತ್ತದೆ.

ಮುಖ್ಯ ಪಾಠ ಖಾಲಿ ಕೋಶದ್ದು. ಮಳೆಮಾಪಕದ ಅಳತೆಯನ್ನು ಬೆಳಿಗ್ಗೆ 8.30ಕ್ಕೆ ಬರೆದುಕೊಳ್ಳುತ್ತಾರೆ. ಮಳೆ ಬಾರದ ದಿನ ಸೊನ್ನೆ. ಅಳತೆಯೇ ಆಗದ ದಿನ ಖಾಲಿ. ಉದಾಹರಣೆಗೆ, ಐದು ದಿನಗಳ ದಾಖಲೆ ಹೀಗಿರಲಿ: 12, 0, ಖಾಲಿ, 8, 20 ಮಿ.ಮೀ. ಇದೇ ಸಾಲನ್ನು ಪೈಥಾನ್‌ನ ಸಂಖ್ಯಾ ಸಾಧನವಾದ ನಂಪೈನ ಅರೇಯಾಗಿ ಕೂಡಿದರೆ ಸಿಗುವ ಉತ್ತರ 'ಎನ್‌ಎಎನ್', ಅಂದರೆ ಸಂಖ್ಯೆಯೇ ಅಲ್ಲ. ಪಾಂಡಾಸ್ ಖಾಲಿಯನ್ನು ಬಿಟ್ಟು ಮೊತ್ತ 40, ಸರಾಸರಿ 10 ಎನ್ನುತ್ತದೆ. ಖಾಲಿಗೆ ಸೊನ್ನೆ ತುಂಬಿದರೆ ಸರಾಸರಿ 8ಕ್ಕೆ ಇಳಿಯುತ್ತದೆ. ಲೆಕ್ಕ ಎಲ್ಲೂ ತಪ್ಪಿಲ್ಲ. ಬದಲಾಗಿದ್ದು ಕಾಣೆಯಾದ ದಿನದ ಬಗೆಗಿನ ಊಹೆ. ಪಾಂಡಾಸ್‌ನ ಮೊತ್ತದಲ್ಲಿ ಆ ದಿನದ ಮಳೆ ಸದ್ದಿಲ್ಲದೆ ಸೊನ್ನೆಯಾಗಿಬಿಡುತ್ತದೆ. ನಾಟಿಯ ತಿಂಗಳಲ್ಲಿ ಹೀಗಾದರೆ ಬಂದ ಮಳೆಯೂ ಕೊರತೆಯಾಗಿ ಕಾಣಬಹುದು. ಮೊತ್ತಕ್ಕೆ ಕನಿಷ್ಠ ಎಷ್ಟು ದಾಖಲೆಗಳು ಬೇಕೆಂದು ಹೇಳುವ 'ಮಿನ್_ಕೌಂಟ್' ಅನ್ನು ಏಪ್ರಿಲ್ ತಿಂಗಳಿಗೆ 30 ಎಂದು ಕೊಟ್ಟರೆ, ಒಂದು ದಿನದ ದಾಖಲೆ ಇಲ್ಲದಿದ್ದರೂ ಮೊತ್ತ ಬರುವುದಿಲ್ಲ.

ಗಡಿಗಳೂ ಪರಿಶೀಲನೆಗೆ ಒಳಪಡಬೇಕು. ಕೆ.ಆರ್. ನಗರದಿಂದ ಸಾಲಿಗ್ರಾಮ, ಎಚ್.ಡಿ. ಕೋಟೆಯಿಂದ ಸರಗೂರು ಬೇರೆ ತಾಲ್ಲೂಕುಗಳಾಗಿವೆ. ಇದನ್ನು ಗಮನಿಸದೆ ಬಿತ್ತನೆ ಪ್ರದೇಶದ ನಕ್ಷೆ ಬಿಡಿಸಿದವರು ಆಡಳಿತದ ವಿಭಜನೆಯನ್ನು ಬೇಸಾಯದ ಕುಸಿತ ಎಂದು ಓದುತ್ತಾರೆ. ಹೆಸರುಗಳೂ ಹಾಗೆಯೇ: ಪಿರಿಯಾಪಟ್ಟಣ, ಪೆರಿಯಾಪಟ್ಟಣ ಎಂಬ ಎರಡು ಬರವಣಿಗೆಗಳನ್ನು ಗ್ರೂಪ್‌ಬೈ ಎರಡು ಊರುಗಳಾಗಿ ಎಣಿಸುತ್ತದೆ.

ಇಂಥ ತಪ್ಪುಗಳನ್ನು ಹಿಡಿಯುವುದಕ್ಕೆ ನೆಲದ ತಿಳಿವಳಿಕೆ ಬೇಕು. ಅದು ಈ ತಾಲ್ಲೂಕುಗಳ ಮಕ್ಕಳಲ್ಲಿ ಈಗಾಗಲೇ ಇದೆ. ಆದ್ದರಿಂದ ಪ್ರತಿ ಮೊತ್ತದ ಪಕ್ಕದಲ್ಲಿ ಅದು ಎಷ್ಟು ದಿನಗಳ ದಾಖಲೆಯಿಂದ ಬಂತು ಎಂದು ಬರೆಯಿಸುವುದೇ ಪೈಥಾನ್ ತರಗತಿಯ ಮೊದಲ ಅಭ್ಯಾಸವಾಗಬೇಕು.