ಪಠ್ಯದಿಂದ ರೇಖಾಚಿತ್ರ: ಬರೆದರೆ ಸಾಕು, ಗಣಕವೇ ಬಿಡಿಸುತ್ತದೆ

ಕಚೇರಿಯ ಕಾರ್ಯವಿಧಾನ, ತಂತ್ರಾಂಶದ ರಚನೆ, ವಂಶವೃಕ್ಷ ಇತ್ಯಾದಿಗಳನ್ನು ವಿವರಿಸಲು ಚೌಕ-ಬಾಣಗಳ ಸರಳ ಚಿತ್ರ ಬೇಕಾಗುತ್ತದೆ. ಮೌಸ್ ಹಿಡಿದು ಬಿಡಿಸಿದ ಚಿತ್ರದ ನಡುವೆ ಒಂದು ಹಂತ ಸೇರಿಸಬೇಕಾದರೆ ಉಳಿದವನ್ನೆಲ್ಲ ಸರಿಸಬೇಕು. ಮೂಲ ಕಡತ ಕಳೆದು ಚಿತ್ರವಷ್ಟೇ ಉಳಿದಿದ್ದರೆ ಮೊದಲಿನಿಂದಲೇ ಆರಂಭಿಸಬೇಕು. ಯಾವುದಕ್ಕೆ ಯಾವುದು ಸಂಬಂಧ ಎಂಬುದನ್ನು ಮಾತ್ರ ಟೆಕ್ಸ್ಟ್ ಎಡಿಟರ್‌ನಲ್ಲಿ ಬರೆದು, ಚಿತ್ರಿಸುವ ಕೆಲಸವನ್ನು ಗಣಕಕ್ಕೆ ಬಿಡುವುದು ಇದಕ್ಕೆ ಪರಿಹಾರ.

ಹಿನ್ನೆಲೆ

ಈ ಕಲ್ಪನೆ ಹಳೆಯದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಬ್ರಯಾನ್ ಕರ್ನಿಹ್ಯಾನ್ 1980ರ ದಶಕದ ಆರಂಭದಲ್ಲಿಯೇ 'ಪಿಕ್' ಎಂಬ ಚಿತ್ರಭಾಷೆಯನ್ನು ರೂಪಿಸಿದ್ದರು. 1990ರ ದಶಕದಲ್ಲಿ ಎಟಿ ಅಂಡ್ ಟಿ ಸಂಸ್ಥೆಯ ಸಂಶೋಧಕರು 'ಗ್ರಾಫ್‌ವಿಜ್' ತಂತ್ರಾಂಶವನ್ನು ಅಭಿವೃದ್ಧಿಪಡಿಸಿದರು. 2009ರಲ್ಲಿ 'ಪ್ಲಾಂಟ್‌ಯುಎಂಎಲ್', 2014ರಲ್ಲಿ 'ಮರ್ಮೇಡ್' ಬಂದವು. 2022ರಿಂದ ಗಿಟ್‌ಹಬ್ ತಾಣವು ಮರ್ಮೇಡ್ ಪಠ್ಯವನ್ನು ನೇರವಾಗಿ ಚಿತ್ರವಾಗಿ ತೋರಿಸುತ್ತಿದೆ.

ಬಳಸುವ ಬಗೆ

ಗ್ರಾಫ್‌ವಿಜ್‌ನ ಭಾಷೆಯ ಹೆಸರು 'ಡಾಟ್'. ಅದರಲ್ಲಿ 'ಡೈಗ್ರಾಫ್' ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಪುಷ್ಪಾವರಣದೊಳಗೆ ಹೀಗೆ ಬರೆಯಬೇಕು:

"ಅರ್ಜಿ" -> "ಪರಿಶೀಲನೆ"
"ಪರಿಶೀಲನೆ" -> "ಮಂಜೂರಾತಿ"
"ಪರಿಶೀಲನೆ" -> "ತಿರಸ್ಕಾರ"

'ಪರಿಶೀಲನೆ' ಮೂರು ಬಾರಿ ಬಂದಿದ್ದರೂ ಚಿತ್ರದಲ್ಲಿ ಒಮ್ಮೆ ಮಾತ್ರ ಮೂಡುತ್ತದೆ. ಅದರಿಂದ ಎರಡು ಬಾಣಗಳು ಕವಲೊಡೆಯುತ್ತವೆ. ಗೆರೆಗಳು ಆದಷ್ಟು ಒಂದನ್ನೊಂದು ಕತ್ತರಿಸದಂತೆ ತಂತ್ರಾಂಶವೇ ಸ್ಥಾನ ನಿರ್ಧರಿಸುತ್ತದೆ. ನಡುವೆ 'ಸ್ಥಳ ತನಿಖೆ' ಸೇರಬೇಕೇ? ಸಂಬಂಧಿಸಿದ ಸಾಲನ್ನು ತಿದ್ದಿದರಾಯಿತು.

ಈಮ್ಯಾಕ್ಸ್ ಎಡಿಟರ್‌ನ 'ಆರ್ಗ್ ಮೋಡ್'ನಲ್ಲಿ ಅಗತ್ಯ ಸಿದ್ಧತೆ ಮಾಡಿಕೊಂಡರೆ, ಇಂತಹ ಪಠ್ಯದ ಮೇಲೆ ಕಂಟ್ರೋಲ್-ಸಿ ಕೀಲಿಯನ್ನು ಎರಡು ಬಾರಿ ಒತ್ತಿ ಚಿತ್ರ ಪಡೆಯಬಹುದು. ಬರಹವೂ ಚಿತ್ರದ ಮೂಲವೂ ಒಂದೇ ಕಡತದಲ್ಲಿರುವುದರಿಂದ ಬೇರ್ಪಡುವ ಭಯವಿಲ್ಲ. ಯಾವಾಗ ಯಾವ ಸಾಲು ಬದಲಾಯಿತು ಎಂಬುದನ್ನು ಆವೃತ್ತಿ ನಿಯಂತ್ರಣ ತಂತ್ರಾಂಶದಿಂದ ತಿಳಿಯಬಹುದು.

ಕನ್ನಡಿಗರು ಗಮನಿಸಬೇಕಾದುದು

ಕಡತವನ್ನು ಯುಟಿಎಫ್-8 ಸಂಕೇತದಲ್ಲಿ ಉಳಿಸಿ, ಕನ್ನಡದ ಯುನಿಕೋಡ್ ಫಾಂಟ್ ಹೆಸರಿಸಬೇಕು. ಒತ್ತಕ್ಷರ ಒಡೆದು ಕಂಡರೆ ಎಸ್‌ವಿಜಿ ರೂಪದಲ್ಲಿ ಪಡೆದು ಬ್ರೌಸರ್‌ನಲ್ಲಿ ತೆರೆದು ನೋಡಬಹುದು. ಅದರಲ್ಲಿ ಅಕ್ಷರಗಳು ಪಠ್ಯವಾಗಿಯೇ ಉಳಿಯುತ್ತವೆ. ಅಡ್ಡಗೆರೆ, ಕೂಡು ಚಿಹ್ನೆಗಳಿಂದ ಚೌಕ ಕಟ್ಟುವ 'ಡಿಟಾ' ಮಾದರಿಯ ಸಾಧನಗಳು ಮಾತ್ರ ಕನ್ನಡಕ್ಕೆ ಅಷ್ಟಾಗಿ ಒಗ್ಗವು. ನಮ್ಮ ಅಕ್ಷರಗಳ ಅಗಲ ಏಕರೂಪವಲ್ಲದ ಕಾರಣ ಗೆರೆಗಳು ಸಾಲು ತಪ್ಪುತ್ತವೆ.

ಮಿತಿಗಳು

ಮನೆಯ ನಕ್ಷೆಯಂತಹ, ಅಳತೆ ಮುಖ್ಯವಾದ ಚಿತ್ರಗಳಿಗೆ ಇದು ತಕ್ಕುದಲ್ಲ. ನೂರಾರು ಬಾಣಗಳಿದ್ದರೆ ಚಿತ್ರ ಗೋಜಲಾಗುತ್ತದೆ. ಆಗ ಅದನ್ನು ಭಾಗಗಳಾಗಿ ಒಡೆಯುವುದೇ ಸೂಕ್ತ. ಇಲ್ಲಿ ಹೆಸರಿಸಿದ ಗ್ರಾಫ್‌ವಿಜ್, ಪ್ಲಾಂಟ್‌ಯುಎಂಎಲ್, ಮರ್ಮೇಡ್ ಮೂರೂ ಮುಕ್ತ ತಂತ್ರಾಂಶಗಳಾಗಿದ್ದು, ಉಚಿತವಾಗಿ ದೊರೆಯುತ್ತವೆ.