ಬ್ರಿಗೇಡ್ ಸಮೂಹ

ಬೆಂಗಳೂರಿನ ಕಟ್ಟಡ ನಿರ್ಮಾಣ ಸಂಸ್ಥೆ. ಎಂ.ಆರ್. ಜೈಶಂಕರ್ 1986ರಲ್ಲಿ ಆರಂಭಿಸಿದರು. ಸಂಸ್ಥೆಗೆ ಹೆಸರು ತಂದದ್ದು ಮಲ್ಲೇಶ್ವರ-ರಾಜಾಜಿನಗರ ನಡುವಿನ ಬ್ರಿಗೇಡ್ ಗೇಟ್‌ವೇ. ಹಿಂದೆ ಕಿರ್ಲೋಸ್ಕರ್ ಒಡೆತನದಲ್ಲಿದ್ದ ಸುಮಾರು 40 ಎಕರೆಯಲ್ಲಿ ವಸತಿ ಸಮುಚ್ಚಯ, ಹೋಟೆಲ್, ಆಸ್ಪತ್ರೆ, ಕೃತಕ ಕೆರೆ ಎಲ್ಲವೂ ಬಂದವು. ಕಾರ್ಖಾನೆಗಳ ಬಡಾವಣೆ ಅಂಗಡಿ, ಕಚೇರಿಗಳ ಬಡಾವಣೆಯಾಯಿತು. ಅಲ್ಲಿ ಸಿಗುವ ಕೆಲಸವೂ ಬೇರೆಯಾಯಿತು.

2010ರಲ್ಲಿ ಸಿದ್ಧವಾದ ವರ್ಲ್ಡ್ ಟ್ರೇಡ್ ಸೆಂಟರ್ ಗೋಪುರದ ಎತ್ತರ ಸುಮಾರು 128 ಮೀಟರ್. ಒಂದು ಕಾಲಕ್ಕೆ ನಗರದ ಹೆಮ್ಮೆಯಾಗಿದ್ದ ಎಂ.ಜಿ. ರಸ್ತೆಯ ಪಬ್ಲಿಕ್ ಯುಟಿಲಿಟಿ ಕಟ್ಟಡ (1973) 106 ಮೀಟರ್ ಅಷ್ಟೇ. ಪಕ್ಕದ ಒರಾಯನ್ ಮಾಲ್ 2012ರಲ್ಲಿ ತೆರೆಯಿತು. ಪರಿಗಿ, ಹಿಂದೂಪುರ ಕಡೆಯಿಂದ ಬಂದು ಯಶವಂತಪುರದಲ್ಲಿ ರೈಲು ಇಳಿಯುವವರಿಗೆ ಇದು ಹೆಚ್ಚು ದೂರವಲ್ಲ. ಮುಂದೆ ಕೊಚ್ಚಿ, ಚೆನ್ನೈಗಳಲ್ಲೂ ಸಂಸ್ಥೆ ಇದೇ ಹೆಸರಿನ ಗೋಪುರಗಳನ್ನು ಕಟ್ಟಿತು.