ಹೇಮರ್, ಫ್ಯಾನಿ ಲೂ

1917-77. ಅಮೆರಿಕದ ಕಪ್ಪು ಜನರ ಮತದಾನದ ಹಕ್ಕಿಗಾಗಿ ಹೋರಾಡಿದ ನಾಯಕಿ. ಮಿಸಿಸಿಪಿ ರಾಜ್ಯದ ಮಾಂಟ್‌ಗೊಮರಿ ಕೌಂಟಿಯಲ್ಲಿ 1917ರ ಅಕ್ಟೋಬರ್ 6ರಂದು ಹುಟ್ಟಿದಳು. ತಂದೆತಾಯಿಯರ 20 ಮಕ್ಕಳಲ್ಲಿ ಈಕೆಯೇ ಕೊನೆಯವಳು. ಬಿಳಿಯ ಜಮೀನುದಾರರ ನೆಲವನ್ನು ಕೋರಿಗೆ ಮಾಡುತ್ತಿದ್ದ ಕುಟುಂಬ. ಆರನೆಯ ವಯಸ್ಸಿಗೇ ಹತ್ತಿ ಬಿಡಿಸಲು ಹೊಲಕ್ಕಿಳಿದಳು. 1944ರಲ್ಲಿ ಪೆರಿ ಹೇಮರ್‌ನನ್ನು ಮದುವೆಯಾಗಿ ರೂಲ್‌ವಿಲ್ ಬಳಿಯ ತೋಟವೊಂದರಲ್ಲಿ ದುಡಿದಳು. 1961ರಲ್ಲಿ ಗಡ್ಡೆಯ ಶಸ್ತ್ರಚಿಕಿತ್ಸೆಗೆ ಹೋದಾಗ ಒಪ್ಪಿಗೆಯನ್ನೇ ಕೇಳದೆ ವೈದ್ಯರು ಈಕೆಯ ಗರ್ಭಕೋಶವನ್ನು ತೆಗೆದುಹಾಕಿದರು. ಆ ಸೀಮೆಯ ಬಡ ಕಪ್ಪು ಹೆಂಗಸರ ಮೇಲೆ ಆಗಾಗ ನಡೆಯುತ್ತಿದ್ದ ಕ್ರೌರ್ಯವಿದು.

ಕಪ್ಪು ಜನರೂ ಮತ ಹಾಕಬಹುದೆಂಬ ಸಂಗತಿ ಈಕೆಗೆ ತಿಳಿದದ್ದು 44ನೆಯ ವಯಸ್ಸಿನಲ್ಲಿ, ಚರ್ಚೊಂದರಲ್ಲಿ ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿಯ ಯುವಕರು ನಡೆಸಿದ ಸಭೆಯಲ್ಲಿ. 1962ರ ಆಗಸ್ಟ್ 31ರಂದು ಇತರ 17 ಜನರೊಂದಿಗೆ ಬಸ್ಸಿನಲ್ಲಿ ಇಂಡಿಯನೋಲಾಕ್ಕೆ ಹೋಗಿ ಹೆಸರು ನೋಂದಾಯಿಸಲು ಯತ್ನಿಸಿದಳು. ರಾಜ್ಯದ ಸಂವಿಧಾನದ ಒಂದು ವಿಧಿಯನ್ನು ಬರೆದು ಅದರ ಅರ್ಥ ವಿವರಿಸಬೇಕೆಂಬ ಸಾಕ್ಷರತಾ ಪರೀಕ್ಷೆಯನ್ನು ಒಡ್ಡಿ ಅಧಿಕಾರಿಗಳು ಆಕೆಯನ್ನು ಅನುತ್ತೀರ್ಣಳೆಂದರು. ಹಿಂದಿರುಗುವಾಗ ಪೊಲೀಸರು ಬಸ್ಸನ್ನು ತಡೆದರು. ಅದರ ಹಳದಿ ಬಣ್ಣ ಅತಿಯಾಯಿತೆಂದು ಚಾಲಕನಿಗೆ ದಂಡ ಹಾಕಿದರು. ಅರ್ಜಿಯನ್ನು ವಾಪಸು ತೆಗೆದುಕೊಳ್ಳಲು ಒಪ್ಪದ ಈಕೆಯನ್ನು ತೋಟದ ಮಾಲೀಕ ಆ ರಾತ್ರಿಯೇ ಹೊರಗೆ ಕಳಿಸಿದ. 18 ವರ್ಷಗಳ ದುಡಿಮೆ ಅಲ್ಲಿಗೆ ಮುಗಿಯಿತು. ಮುಂದಿನ ಜನವರಿಯಲ್ಲಿ ಅದೇ ಪರೀಕ್ಷೆಯಲ್ಲಿ ಉತ್ತೀರ್ಣಳಾದಳು.

1963ರ ಜೂನ್‌ನಲ್ಲಿ ತರಬೇತಿ ಶಿಬಿರದಿಂದ ಮರಳುತ್ತಿದ್ದಾಗ ವಿನೋನಾ ಊರಿನಲ್ಲಿ ಬಂಧನಕ್ಕೊಳಗಾದಳು. ಪೊಲೀಸರು ಕಪ್ಪು ಕೈದಿಗಳಿಂದಲೇ ಈಕೆಯನ್ನು ಹೊಡೆಸಿದರು. ಮೂತ್ರಪಿಂಡಕ್ಕೆ ಆದ ಪೆಟ್ಟು ಕೊನೆಯವರೆಗೂ ವಾಸಿಯಾಗಲಿಲ್ಲ. ವಿಚಾರಣೆಗೆ ಗುರಿಯಾದ ಪೊಲೀಸರನ್ನು ಬಿಳಿಯರೇ ತುಂಬಿದ್ದ ಪಂಚಮಂಡಲಿ ಬಿಡುಗಡೆ ಮಾಡಿತು.

ಈ ಪೆಟ್ಟುಗಳ ಕಥೆಯನ್ನು ಈಕೆ ಇಡೀ ರಾಷ್ಟ್ರಕ್ಕೆ ಹೇಳಿದ್ದು 1964ರ ಆಗಸ್ಟ್ 22ರಂದು, ಅಟ್ಲಾಂಟಿಕ್ ಸಿಟಿಯ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ. ಬಿಳಿಯರಷ್ಟೇ ಇದ್ದ ಮಿಸಿಸಿಪಿ ನಿಯೋಗದ ಸ್ಥಾನಗಳು ತಮಗೆ ಸಲ್ಲಬೇಕೆಂದು ಈಕೆಯ ಮಿಸಿಸಿಪಿ ಫ್ರೀಡಂ ಡೆಮಾಕ್ರಟಿಕ್ ಪಕ್ಷ ವಾದಿಸುತ್ತಿತ್ತು. ಅಧ್ಯಕ್ಷ ಜಾನ್ಸನ್ ಅವಸರದಲ್ಲಿ ಪತ್ರಿಕಾಗೋಷ್ಠಿ ಕರೆದು ದೂರದರ್ಶನದ ನೇರಪ್ರಸಾರವನ್ನು ತನ್ನತ್ತ ಸೆಳೆದ. ಆದರೆ ವಾಹಿನಿಗಳು ಸಂಜೆ ಈಕೆಯ ಮಾತುಗಳನ್ನೇ ಬಿತ್ತರಿಸಿದವು. ರಾಜಿಯ ರೂಪದಲ್ಲಿ ಬಂದ ಎರಡು ಸ್ಥಾನಗಳನ್ನು ಈಕೆ ಮತ್ತು ಸಂಗಡಿಗರು ನಿರಾಕರಿಸಿದರು. ಆ ನಿಲುವು ದುಡುಕೆಂದವರು ಚಳವಳಿಯಲ್ಲೇ ಇದ್ದರು; ಅದು ಸರಿಯೆಂದು ಕಾಲ ತೋರಿಸಿತು. ಮತದಾನ ಹಕ್ಕುಗಳ ಕಾಯಿದೆ 1965ರಲ್ಲಿ ಜಾರಿಗೆ ಬಂತು. 1968ರ ಷಿಕಾಗೊ ಸಮಾವೇಶದಲ್ಲಿ ಈಕೆ ಅಧಿಕೃತ ಪ್ರತಿನಿಧಿಯಾಗಿ ಕುಳಿತಳು.

ಹೊಟ್ಟೆಗಿಲ್ಲದವನ ಮತವನ್ನು ಧಣಿ ಸುಲಭವಾಗಿ ಕಸಿಯುತ್ತಾನೆಂಬುದು ಹೇಮರ್ ಬದುಕಿನಿಂದ ಕಂಡುಕೊಂಡ ಸತ್ಯ. ಆಕೆಯ ಮುಂದಿನ ದಶಕವೆಲ್ಲ ಇದರ ಮೇಲೆಯೇ ನಿಂತಿತು. ಸಾಕಲು ಹಂದಿ ಒದಗಿಸುವ, ಹುಟ್ಟಿದ ಮರಿಗಳಲ್ಲಿ ಕೆಲವನ್ನು ಹಿಂದಕ್ಕೆ ಪಡೆದು ಮತ್ತೊಂದು ಮನೆಗೆ ಕೊಡುವ ಯೋಜನೆಯನ್ನು ಆರಂಭಿಸಿದಳು. 1969ರಲ್ಲಿ ಫ್ರೀಡಂ ಫಾರ್ಮ್ ಎಂಬ ಸಹಕಾರಿ ಕೃಷಿಸಂಸ್ಥೆಯನ್ನು ಕಟ್ಟಿದಳು. ಹಣದ ಅಭಾವದಿಂದ ಅದು ಹೆಚ್ಚು ಕಾಲ ಉಳಿಯಲಿಲ್ಲ.

1977ರ ಮಾರ್ಚ್ 14ರಂದು ಮೌಂಡ್ ಬಯೂ ಪಟ್ಟಣದಲ್ಲಿ ತೀರಿಕೊಂಡಳು. ಸಮಾಧಿ ರೂಲ್‌ವಿಲ್‌ನಲ್ಲಿದೆ. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ಮರಣೋತ್ತರವಾಗಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕವನ್ನಿತ್ತು ಗೌರವಿಸಿತು.